ಕೋಲಾರದ ಕಲ್ಲಿನಿಂದ ಫ್ರೈಬರ್ಗ್‌ನ ಗಣಿಗೆ

ನಮ್ಮ ಕಾಲೇಜಿನ ಜಿಯಾಲಜಿ ಲ್ಯಾಬಿನಲ್ಲಿ ಕೋಲಾರದ ಕಲ್ಲುಗಳಿಗೆಂದೇ ಒಂದು ಬೀರು ಇತ್ತು. ಹಸಿರು ಬೆರೆತ ಕಪ್ಪು ಶಿಸ್ಟ್ ಕಲ್ಲು, ಅದರ ನಡುವೆ ಬಿಳಿ ಕ್ವಾರ್ಟ್ಜ್ ಎಳೆ. "ಹೊಳೆಯೋದನ್ನ ಹುಡುಕಬೇಡಿ, ಈ ಬಿಳಿ ಎಳೆ ಹುಡುಕಿ. ಚಿನ್ನ ಇರೋದು ಇದರಲ್ಲಿ" ಎಂದು ಮೇಷ್ಟ್ರು ಹೇಳುತ್ತಿದ್ದರು. ನಾನು ಬಂಗಾರಪೇಟೆ ಕಡೆಯವನು. ತಾತ ಕೆ.ಜಿ.ಎಫ್. ಮೈನ್ಸಿನಲ್ಲಿ ದುಡಿದವರು. ಮನೆಯಲ್ಲಿ ಕೇಳಿದ ಎಷ್ಟೋ ಕತೆಗಳು ನನಗೆ ಅರ್ಥವಾಗಿದ್ದು ಆ ಬೀರುವಿನ ಮುಂದೆ ನಿಂತಾಗ.

2023ರಲ್ಲಿ ಎಂ.ಎಸ್ಸಿ. ಓದಲು ಜರ್ಮನಿಯ ಫ್ರೈಬರ್ಗ್‌ಗೆ ಹೋದೆ. ಸ್ಯಾಕ್ಸನಿ ರಾಜ್ಯದ ಸಣ್ಣ ಊರು. ಅಲ್ಲಿನ ಗಣಿ ವಿಶ್ವವಿದ್ಯಾಲಯ 1765ರಲ್ಲಿ ಶುರುವಾಯಿತು. ಹೆಸರಾಂತ ಪ್ರಕೃತಿ ವಿಜ್ಞಾನಿ ಹಂಬೋಲ್ಟ್ ಓದಿದ್ದು, ಜರ್ಮೇನಿಯಂ ಧಾತು 1886ರಲ್ಲಿ ಪತ್ತೆಯಾಗಿದ್ದು ಅಲ್ಲೇ. ಬೋಧನಾ ಶುಲ್ಕ ಇರಲಿಲ್ಲ. ಆದರೆ ವೀಸಾಗೆ ಒಂದು ವರ್ಷದ ಖರ್ಚು 11,208 ಯೂರೋ ಮೊದಲೇ ಖಾತೆಗೆ ಕಟ್ಟಿ ತೋರಿಸಬೇಕಿತ್ತು. ಅದರಲ್ಲಿ ತಿಂಗಳಿಗೆ 934 ಯೂರೋ ಮಾತ್ರ ಕೈಗೆ ಸಿಗುತ್ತಿತ್ತು. ಅಪ್ಪ ಸಾಲ ಮಾಡಿ ಕಳಿಸಿದರು.

ಭಾಷೆಗೆ ನಾನು ಹೆದರಲಿಲ್ಲ. ನಮ್ಮ ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಕೆ.ಜಿ.ಎಫ್.ಗೆ ಹೋದರೆ ತಮಿಳು, ಸಂತೆಯಲ್ಲಿ ಉರ್ದು. ಅರ್ಧ ಗೊತ್ತಿರುವ ಭಾಷೆಯಲ್ಲಿ ವ್ಯವಹಾರ ನಡೆಸೋದು ಕೋಲಾರದವರಿಗೆ ಹುಟ್ಟಿನಿಂದ ಬಂದದ್ದು, ಅಲ್ವಾ?

ಕಷ್ಟವಾಗಿದ್ದು ಬೇರೆ. ಭಾನುವಾರ ಅಂಗಡಿಗಳೆಲ್ಲ ಬಂದ್. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಹಾಸ್ಟೆಲಿನಲ್ಲಿ ಎದುರು ರೂಮಿನವರು ನಮಸ್ಕಾರ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪಕ್ಕದ ಮನೆಯವರು ಕರೆಯದೇ ಒಳಗೆ ಬಂದು ಕೂರುವ ಊರಿನಿಂದ ಹೋದವನಿಗೆ ಇದರಿಂದ ತುಂಬಾ ನೋವಾಗುತ್ತದೆ. ಅದು ಸೊಕ್ಕಲ್ಲ. ಇನ್ನೊಬ್ಬರ ಪಾಡಿಗೆ ಅವರನ್ನು ಬಿಡೋದೇ ಅಲ್ಲಿ ಮರ್ಯಾದೆ. ಅದೇ ಹುಡುಗರು ನನಗೆ ಜ್ವರ ಬಂದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮಾತಾಡಿ, ಔಷಧಿ ಕೊಡಿಸಿದರು. ಕೇಳಬೇಕು ಅಷ್ಟೇ. ಕೇಳಿದರೆ ಇಲ್ಲ ಅನ್ನುವುದಿಲ್ಲ.

ಆ ಊರು ನನ್ನದು ಅನ್ನಿಸಿದ್ದು ಮಾತ್ರ ನೆಲದ ಕೆಳಗೆ. ಅಲ್ಲಿ 1168ರಲ್ಲಿ ಬೆಳ್ಳಿ ಸಿಕ್ಕಿತಂತೆ. 1969ರಲ್ಲಿ ಗಣಿಗಾರಿಕೆ ನಿಂತಿತು. ಆದರೆ ರೈಖೆ ತ್ಸೆಖೆ ಎಂಬ ಗಣಿಯನ್ನು ವಿಶ್ವವಿದ್ಯಾಲಯ ಇವತ್ತಿಗೂ ಪಾಠಕ್ಕೆ, ಸಂಶೋಧನೆಗೆ ಇಟ್ಟುಕೊಂಡಿದೆ. ಹೆಲ್ಮೆಟ್ ಹಾಕಿಕೊಂಡು ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, 150 ಮೀಟರ್ ಕೆಳಗೆ ಇಳಿದೆವು. ಒಳಗೆ 10 ಡಿಗ್ರಿ ಚಳಿ. ನನಗೆ ತಾತ ನೆನಪಾದರು. ನಮ್ಮ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಆ ಬಿಸಿಯಲ್ಲಿ, ಬಂಡೆ ಯಾವಾಗ ಸಿಡಿಯುತ್ತದೋ ಎಂಬ ಭಯದಲ್ಲಿ ಅವರು ಶಿಫ್ಟ್ ಮುಗಿಸಿ ಬರುತ್ತಿದ್ದರು.

ಅವತ್ತು ರಾತ್ರಿ ತಾತನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ನೀರು ಹೆಂಗೆ ಆಚೆ ಹಾಕ್ತಾರೋ?" ಅಂತ. ಗಣಿಯಲ್ಲಿ ಬದುಕಿದವರಿಗೇ ಹೊಳೆಯುವ ಪ್ರಶ್ನೆ ಅದು. ಫ್ರೈಬರ್ಗ್‌ನ ನೀರು 1877ರಲ್ಲಿ ಮುಗಿದ ಒಂದು ಉದ್ದನೆಯ ಸುರಂಗದಲ್ಲಿ ತಾನಾಗಿ ಹರಿದು ಹೋಗುತ್ತದೆ ಎಂದೆ. "ನಮ್ಮದರಲ್ಲಿ ಪಂಪು ನಿಂತ್ಮೇಲೆ ತುಂಬ್ಕೊಂಡ್ಬಿಡ್ತು" ಎಂದರು. 2001ರ ಫೆಬ್ರವರಿ 28ಕ್ಕೆ ಕೆ.ಜಿ.ಎಫ್. ಗಣಿ ಮುಚ್ಚಿತು. ತಾತನಿಗೆ ಆ ದಿನದ ಸಿಟ್ಟು ಇನ್ನೂ ಆರಿಲ್ಲ.

ಕ್ರಿಸ್‌ಮಸ್ ಸಮಯದಲ್ಲಿ ಆ ಕಡೆಯ ಕಿಟಕಿಗಳಲ್ಲಿ ಮರದ ಗೊಂಬೆಗಳನ್ನು ಇಡುತ್ತಾರೆ. ಗಂಡುಮಗನಿಗೆ ಒಂದು ಗಣಿ ಕೆಲಸಗಾರನ ಗೊಂಬೆ, ಹೆಣ್ಣುಮಗಳಿಗೆ ಒಂದು ದೇವತೆಯ ಗೊಂಬೆ. ಎರಡರ ಕೈಯಲ್ಲೂ ದೀಪ. ಗಣಿ ನಿಂತು ಐವತ್ತು ವರ್ಷ ದಾಟಿದರೂ ಗಣಿ ಕೆಲಸಗಾರ ಅಲ್ಲಿ ಊರಿನ ಹೆಮ್ಮೆ. ನಮ್ಮಲ್ಲಿ ಅವನನ್ನು ಕೇಳುವವರೇ ಇಲ್ಲ. ಇದು ನನಗೆ ಸಹಿಸಲು ಆಗುವುದಿಲ್ಲ.

ಈಗ ರಜೆಗೆ ಬಂದಾಗೆಲ್ಲ ತಾತನ ಮಾತುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಯಾವ ಶಾಫ್ಟ್, ಎಷ್ಟನೇ ಲೆವೆಲ್, ಏನು ಕೆಲಸ, ಯಾರ್‍ಯಾರು ಜೊತೆಗಿದ್ದರು, ಎಲ್ಲವನ್ನೂ. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಕಡೆ ಇಂಥ ಹಿರಿಯರು ಇನ್ನೂ ಇದ್ದಾರೆ. ನಮ್ಮ ಜಿಯಾಲಜಿ ವಿಭಾಗದ ಹುಡುಗ ಹುಡುಗಿಯರು ಈ ವರ್ಷವೇ ಅವರ ಹತ್ತಿರ ಹೋಗಿ ಕೂತರೆ, ಆ ಬೀರುವಿನ ಕಲ್ಲುಗಳ ಪಕ್ಕದಲ್ಲಿ ಅವರ ಮಾತುಗಳನ್ನೂ ಇಡಬಹುದು. ತಾತನ ರೆಕಾರ್ಡಿಂಗ್ ಮೊದಲು ಕೊಡುವವನು ನಾನೇ.