ಬಾದಾಮಿಗೆ ಹೊರಟಿದ್ದೀರಾ? ಊಟದ ಬಗ್ಗೆ ಇದಿಷ್ಟು ತಿಳಿದಿರಲಿ

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ ಆಯಿತು. ಅಲ್ಲಿಂದ ಎಲ್ಲಿಗಾದರೂ ಹೋಗೋಣ ಅಂದರೆ ಅವಳದು ಒಂದೇ ಪ್ರಶ್ನೆ: "ಊಟಕ್ಕೇನು ಮಾಡೋದು?" ಮೈದಾ ಪರೋಟ, ಬಣ್ಣ ಹಾಕಿದ ಗ್ರೇವಿ, ಬೆಳಿಗ್ಗೆ ಕರಿದ ಎಣ್ಣೆಯಲ್ಲೇ ಸಂಜೆ ಮತ್ತೆ ಕರಿದ ಬೋಂಡ. ಇದನ್ನೆಲ್ಲ ನೆನೆದು ಅವಳು ಮನೆಯಲ್ಲೇ ಉಳಿದುಬಿಡುತ್ತಿದ್ದಳು. ಈ ಜನವರಿಯಲ್ಲಿ ಒತ್ತಾಯ ಮಾಡಿ ಬಾದಾಮಿಗೆ ಕರೆದುಕೊಂಡು ಹೋದೆ. ಮೂರು ದಿನ ಇದ್ದೆವು. ಮನೆಯಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಬಹುದು.

ನಾವು ಹೋಗಿದ್ದು ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ. ಬೆಂಗಳೂರಿನಲ್ಲಿ ಸಂಜೆ ಹತ್ತಿ ಮಲಗಿದರೆ ಬೆಳಿಗ್ಗೆ ಬಾದಾಮಿ. ಸ್ಟೇಷನ್ನಿನಿಂದ ಊರು ಸುಮಾರು 5 ಕಿ.ಮೀ. ದೂರ, ಆಟೋ ಸಿಗುತ್ತವೆ. ರಾತ್ರಿ ಊಟ ಮನೆಯಿಂದಲೇ ಕಟ್ಟಿಕೊಳ್ಳಿ.

ಮೊದಲ ಮಧ್ಯಾಹ್ನವೇ ನಾವು ಎಡವಿದೆವು. ಗುಹೆ ಹತ್ತಿ ಇಳಿದು ಸುಸ್ತಾಗಿತ್ತು. "ಉತ್ತರ ಕರ್ನಾಟಕ ಸ್ಪೆಷಲ್" ಅಂತ ದೊಡ್ಡ ಬೋರ್ಡ್ ಇದ್ದ ಹೋಟೆಲಿಗೆ ನುಗ್ಗಿದೆವು. ರೊಟ್ಟಿ ಬಂತು. ಅಮ್ಮ ಒಂದು ತುಂಡು ಮುರಿಯಲು ಹೋದರೆ ಅದು ರಬ್ಬರಿನಂತೆ ಜಗ್ಗಿತು. ಬರೀ ಜೋಳದ ಹಿಟ್ಟಿನ ರೊಟ್ಟಿ ಯಾವತ್ತೂ ಹಾಗೆ ಜಗ್ಗುವುದಿಲ್ಲ. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಅದಕ್ಕೇ ಹಿಟ್ಟನ್ನು ಕುದಿಯುವ ನೀರಲ್ಲಿ ಕಲಸಿ, ನಾದಿ, ಕೈಯಲ್ಲಿ ತಟ್ಟಬೇಕು. ಬಿಸಿ ಇದ್ದಾಗ ಮೆತ್ತಗೆ ಹರಿಯುತ್ತದೆ, ಆರಿದರೆ ಪಟ್ ಅಂತ ಮುರಿಯುತ್ತದೆ. ಜಗ್ಗಿದರೆ ಗೋಧಿಯನ್ನೋ ಮೈದಾವನ್ನೋ ಬೆರೆಸಿದ್ದಾರೆ ಅಂತಲೇ ತಿಳಿಯಿರಿ. ಜೊತೆಗೆ ಬಂದ ಎರಡು ಪಲ್ಯಕ್ಕೂ ಒಂದೇ ಕೆಂಪು ಗ್ರೇವಿ. ಅರ್ಧ ಊಟ ಬಿಟ್ಟು ಎದ್ದೆವು. ಅಮ್ಮ ಏನೂ ಹೇಳಲಿಲ್ಲ. ಸುಮ್ನೆ ನನ್ನ ಮುಖ ನೋಡಿದಳು.

ಸಂಜೆ ಆಟೋ ಅಣ್ಣನನ್ನು ಕೇಳಿದೆ, "ನೀವು ಎಲ್ಲಿ ಉಣ್ತೀರಿ?" ಇದನ್ನು ನೀವೂ ಕೇಳಿ. "ಒಳ್ಳೆ ಹೋಟೆಲ್ ಯಾವುದು" ಅಂತ ಕೇಳಿದರೆ ಮಾತ್ರ ಎಸಿ ಇರುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಅವರು ನಮ್ಮನ್ನು ಒಂದು ಓಣಿಯ ಖಾನಾವಳಿ ಮುಂದೆ ಇಳಿಸಿದರು. ಬೋರ್ಡ್ ಕಾಣುವ ಮೊದಲೇ ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಪಟ್ ಪಟ್ ಪಟ್ ಅಂತ, ನಿಲ್ಲದೆ. ಆಮೇಲೆ ಮೂರೂ ದಿನ ನಾನು ಆ ಸಪ್ಪಳವನ್ನೇ ಹುಡುಕಿಕೊಂಡು ಹೋದೆ, ಒಮ್ಮೆಯೂ ಮೋಸ ಹೋಗಲಿಲ್ಲ. ರೊಟ್ಟಿಯನ್ನು ಒಬ್ಬರು ಕೂತು ಕೈಯಲ್ಲೇ ಬಡಿಯುತ್ತಿದ್ದರೆ, ಪಲ್ಯವೂ ಅವತ್ತಿನದೇ ಇರುವ ಸಂಭವ ಜಾಸ್ತಿ.

ತಟ್ಟೆಯಲ್ಲಿ ಏನಿತ್ತು ಅಂತ ಹೇಳದಿದ್ದರೆ ಆಗುವುದಿಲ್ಲ. ಹೆಂಚಿನಿಂದ ನೇರ ಬಂದ ಬಿಳಿಜೋಳದ ರೊಟ್ಟಿ. ಒಂದು ಹನಿ ಎಣ್ಣೆ ಇಲ್ಲ, ಮೇಲೆ ನೀರು ಸವರಿ ಬೇಯಿಸಿದ್ದು ಅಷ್ಟೆ. ಎಳೆ ಬದನೆಕಾಯಿ ಎಣ್ಣೆಗಾಯಿ. ಮೊಳಕೆ ಬಂದ ಮಡಕಿಕಾಳಿನ ಪಲ್ಯ. ಪುಂಡಿಪಲ್ಯ, ಅಂದರೆ ಹುಳಿ ಇರುವ ಪುಂಡಿಸೊಪ್ಪನ್ನು ಜೋಳದ ನುಚ್ಚಿನ ಜೊತೆ ಬೇಯಿಸಿದ್ದು. ಒಂದು ಮೂಲೆಯಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಹಿಂಡಿ ಅಂದರೆ ಚಟ್ನಿಪುಡಿ. ನಮ್ಮ ಕಡೆ ಹುಚ್ಚೆಳ್ಳು ಅನ್ನುತ್ತೇವಲ್ಲ, ಅದೇ ಗುರೆಳ್ಳು. ಕೆನೆ ಮೊಸರು. ಆಮೇಲೆ ಹಸಿ ಸೊಪ್ಪು! ಮೆಂತ್ಯದ ಎಳೆ ಸೊಪ್ಪು, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ. ಹಕ್ಕರಿಕೆ ಹೊಲದಲ್ಲಿ ತಾನೇ ಹುಟ್ಟುವ ಸೊಪ್ಪು. ಸ್ವಲ್ಪ ಕಹಿ, ಆದರೆ ಹಿಂಡಿ ಮೊಸರು ಕಲಸಿದ ರೊಟ್ಟಿ ಜೊತೆ ಕಚ್ಚಿಕೊಂಡರೆ ಅದರ ರುಚಿಯೇ ಬೇರೆ. ಬಡಿಸುತ್ತಿದ್ದ ಅಕ್ಕ ಅಮ್ಮನ ಹತ್ತಿರ ಬಂದು, "ಅವ್ವಾರ, ಇನ್ನೊಂದು ಬಿಸಿ ರೊಟ್ಟಿ ಹಾಕ್ತೀನ್ರಿ, ಅರ್ಧಾನರ ತಗೋರಿ" ಅಂದರು. ಬೇಡ ಅನ್ನಲು ಅಮ್ಮನಿಗೆ ಮನಸ್ಸು ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಜೋಳ ಒಳ್ಳೆಯದು ಅಂತ ಎಷ್ಟಾದರೂ ತಿನ್ನಬಹುದು ಅಂದುಕೊಳ್ಳಬೇಡಿ. ಆ ರಾತ್ರಿ ಅಮ್ಮ ಮೂರು ರೊಟ್ಟಿ, ಮೇಲೆ ಅನ್ನ ಸಾರು ಉಂಡಳು. ಎರಡು ತಾಸು ಬಿಟ್ಟು ಪರೀಕ್ಷೆ ಮಾಡಿದರೆ ಸಕ್ಕರೆ ಮನೆಯಲ್ಲಿರುವುದಕ್ಕಿಂತ ಜಾಸ್ತಿ ತೋರಿಸಿತು. ಜೋಳದಲ್ಲೂ ಪಿಷ್ಟ ಇದೆ ಅಲ್ವಾ? ಮರುದಿನದಿಂದ ಒಂದೂವರೆ ರೊಟ್ಟಿ, ಕಾಳುಪಲ್ಯ ಎರಡು ಸಲ, ಹಸಿ ಸೊಪ್ಪು ಬೇಕಾದಷ್ಟು, ಅನ್ನ ಇಲ್ಲ. ಆಗ ಹದಕ್ಕೆ ಬಂತು. ಪರೀಕ್ಷೆ ಮಾಡುವ ಯಂತ್ರ ಚೀಲದಲ್ಲಿರಲಿ. ಬಿಪಿ ಇರುವವರು ರಂಜಕ (ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿ), ಉಪ್ಪಿನಕಾಯಿ ದೂರ ಇಡಿ, ಉಪ್ಪು ಬಹಳ ಇರುತ್ತದೆ. ಖಾರ ತಡೆಯದವರು ಮೊದಲೇ ಹೇಳಿ, ಮೊಸರು ಇನ್ನಷ್ಟು ಹಾಕುತ್ತಾರೆ.

ಹೋಗಲು ಒಳ್ಳೆಯ ಕಾಲ ಡಿಸೆಂಬರ್, ಜನವರಿ. ಬಿಸಿಲು ಕಡಿಮೆ ಅನ್ನುವುದಕ್ಕೆ ಮಾತ್ರ ಹೇಳುತ್ತಿಲ್ಲ. ಆ ಭಾಗದ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ತುಂಬಿ ನಿಲ್ಲುವ ಹೊತ್ತು ಅದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆ ಬರುತ್ತದೆ. ಹೊಲದ ಅಂಚಿಗೆ ಮುಳ್ಳಿನ ಕುಸುಬಿ ಹಾಕುತ್ತಾರೆ, ದನ ಒಳಗೆ ನುಗ್ಗುವುದಿಲ್ಲ. ಆ ಕುಸುಬಿಯಿಂದಲೇ ಎಣ್ಣೆ. ಖಾನಾವಳಿಯಲ್ಲಿ "ಯಾವ ಎಣ್ಣೆ ಹಾಕ್ತೀರಿ?" ಅಂತ ಕೇಳಲು ಸಂಕೋಚ ಬೇಡ. ಕುಸುಬಿ ಅಥವಾ ಶೇಂಗಾ ಎಣ್ಣೆ ಅಂದರೆ ಖುಷಿಯಾಗಿ ಕೂತುಕೊಳ್ಳಿ. ಒಬ್ಬರು ನೇರವಾಗಿ "ಪಾಮ್ ಎಣ್ಣಿ ರೀ, ಶೇಂಗಾ ಎಣ್ಣಿ ತುಟ್ಟಿ ಆಗೇತಿ" ಅಂದರು. ಅಲ್ಲಿ ಎಣ್ಣೆಗಾಯಿ ಬಿಟ್ಟು ರೊಟ್ಟಿ, ಹಿಂಡಿ, ಮೊಸರು ತಿಂದೆವು. ಪರಿಚಯದವರ ಹೊಲ ಇದ್ದರೆ ಸೀತನಿ ಕೇಳಿ. ಹಾಲು ತುಂಬಿದ ಹಸಿ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಉದುರಿಸಿ, ಬಿಸಿಬಿಸಿ ಕೊಡುತ್ತಾರೆ. ಇದನ್ನು ಹೋಟೆಲಿನಲ್ಲಿ ಹುಡುಕಬೇಡಿ.

ಎರಡನೇ ದಿನ ಬನಶಂಕರಿ. ಬಾದಾಮಿಯಿಂದ ಸುಮಾರು 5 ಕಿ.ಮೀ. ಈ ತಾಯಿಗೆ ಶಾಕಂಬರಿ ಅಂತಲೂ ಹೆಸರು. ಬರಗಾಲದಲ್ಲಿ ಸೊಪ್ಪು ತರಕಾರಿ ಕೊಟ್ಟು ಜನರನ್ನು ಕಾಪಾಡಿದವಳು ಅನ್ನುವ ನಂಬಿಕೆ. ಬನದ ಹುಣ್ಣಿಮೆಯ (ಪುಷ್ಯ ಮಾಸದ ಹುಣ್ಣಿಮೆ) ಜಾತ್ರೆಗೆ ಮುಂಚೆ ಪಲ್ಯದ ಹಬ್ಬ ಮಾಡಿ 108 ಬಗೆಯ ಪಲ್ಯ ಎಡೆ ಇಡುತ್ತಾರೆ. ಗುಡಿಯ ಹತ್ತಿರ, ಹೊಂಡದ ಆಸುಪಾಸಿನಲ್ಲಿ, ಇಳಕಲ್ ಸೀರೆ ಉಟ್ಟ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬರುತ್ತಾರೆ. ಬುಟ್ಟಿಯಲ್ಲಿ ಮನೆಯಲ್ಲೇ ಮಾಡಿದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ನೆರಳಲ್ಲಿ ಕೂತರೆ ಅಲ್ಲೇ ಬಡಿಸುತ್ತಾರೆ. ನಮ್ಮ ಇಡೀ ಪ್ರವಾಸದಲ್ಲಿ ಅದೇ ಅತ್ಯಂತ ಒಳ್ಳೆಯ ಊಟ. ಅಮ್ಮ ನಮಗೆ ಬಡಿಸಿದ ಅಜ್ಜಿಯ ಹತ್ತಿರ ಪುಂಡಿಪಲ್ಯ ಮಾಡುವುದನ್ನು ಕೇಳಿ ಕೇಳಿ ಬರೆದುಕೊಂಡಳು. ಹನ್ನೊಂದರಿಂದ ಒಂದರೊಳಗೆ ಹೋಗಿ. ಚಿಲ್ಲರೆ ಇಟ್ಟುಕೊಳ್ಳಿ. ಚೌಕಾಸಿ ದಯವಿಟ್ಟು ಬೇಡ, ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಬಂದಿರುತ್ತಾರೆ. ಜಾತ್ರೆಯ ದಿನಗಳಲ್ಲಿ ಮಾತ್ರ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ನೂಕುನುಗ್ಗಲು, ರೂಮೂ ಸಿಗುವುದು ಕಷ್ಟ.

ಪಟ್ಟದಕಲ್ಲು, ಐಹೊಳೆಗೆ ಹೋಗುವ ದಿನ ಬುತ್ತಿ ಕಟ್ಟಿಕೊಳ್ಳಿ. ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೂ ಮುಂದೆ. ದಾರಿಯಲ್ಲಿ ನಮಗೆ ಕಂಡಿದ್ದೆಲ್ಲ ಚಹಾ, ಭಜಿ, ಚಿಪ್ಸ್. ಹಿಂದಿನ ರಾತ್ರಿಯೇ ಖಾನಾವಳಿಯಲ್ಲಿ ಹೇಳಿದರೆ ಬೆಳಿಗ್ಗೆ ರೊಟ್ಟಿ, ಕಾಳುಪಲ್ಯ ಕಟ್ಟಿಕೊಡುತ್ತಾರೆ. ನಾವು ಸೌತೆಕಾಯಿ, ಗಜ್ಜರಿ ಸಂತೆಯಿಂದ ತಂದಿದ್ದೆವು. ಬಾದಾಮಿಯ ಗುಹೆಗಳ ಹತ್ತಿರ ಮಾತ್ರ ಊಟದ ಚೀಲ ಕೈಯಲ್ಲಿ ಹಿಡಿಯಬೇಡಿ. ಕೋತಿಗಳು ಕಿತ್ತುಕೊಂಡು ಹೋಗುತ್ತವೆ.

ಬೆಳಗಿನ ತಿಂಡಿಗೆ ಖಾನಾವಳಿ ನಂಬಿಕೊಳ್ಳಬೇಡಿ. ನಾವು ಹೋದವುಗಳು ತೆರೆಯುತ್ತಿದ್ದದ್ದು ಮಧ್ಯಾಹ್ನಕ್ಕೇ. ತಳ್ಳುಗಾಡಿಯಲ್ಲಿ ಉಪ್ಪಿಟ್ಟು, ಅವಲಕ್ಕಿ, ಸೂಸಲ (ಮಂಡಕ್ಕಿ ಒಗ್ಗರಣೆ) ಸಿಗುತ್ತವೆ. ಅಮ್ಮ ಸೂಸಲ ತಿಂದಳು, ಮೆಣಸಿನಕಾಯಿ ಭಜಿ ಕಡೆ ತಿರುಗಿಯೂ ನೋಡಲಿಲ್ಲ. ಊಟಕ್ಕೆ ಒಬ್ಬರಿಗೆ ನೂರು ರೂಪಾಯಿ ಆಸುಪಾಸು ಆಯಿತು.

ಹೊರಡುವ ದಿನ ಕಡಕ್ ರೊಟ್ಟಿ ತಗೊಳ್ಳಿ. ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಪುಡಿಯಾಗುತ್ತವೆ, ಅಗಲ ಸ್ಟೀಲ್ ಡಬ್ಬಿ ಒಯ್ಯಿರಿ. ಜೊತೆಗೆ ಕಾಲು ಕಿಲೋ ಗುರೆಳ್ಳು ಹಿಂಡಿ. ನಮ್ಮ ಡಬ್ಬಿ ಊರು ಮುಟ್ಟುವ ಮೊದಲೇ ತೆರೆಯಿತು. ರೈಲು ತುಮಕೂರು ದಾಟುವಾಗ ಅಮ್ಮ ಒಂದು ರೊಟ್ಟಿ ಮುರಿದು, ಹಿಂಡಿ ಉದುರಿಸಿ ನನ್ನ ಕೈಗಿಟ್ಟಳು. "ಮುಂದಿನ ಸಲ ವಿಜಯಪುರಕ್ಕೂ ಹೋಗೋಣ ಕಣೋ" ಅಂದಳು.