ಬಿಸಿಲಿನಲ್ಲಿ ನಾಯಿ ಜೊತೆ ಕಾರು ಪ್ರಯಾಣ: ನಿಲ್ಲಿಸುವ ಮುಂಚೆ ಯೋಚಿಸಿ

ಬೇಸಿಗೆಯಲ್ಲಿ ನಮ್ಮ ಲ್ಯಾಬ್ರಡಾರ್ ಜೊತೆ ದೂರದ ಊರಿಗೆ ಕಾರಿನಲ್ಲಿ ಹೋಗಿ ಬಂದೆವು. ಓಡುವ ಗಾಡಿಯಲ್ಲಿ ಅಂಥ ತೊಂದರೆ ಏನೂ ಇರಲಿಲ್ಲ. ಎಸಿ ಗಾಳಿ ಹಿಂದಿನ ಸೀಟಿಗೂ ತಲುಪುವಂತೆ ತಿರುಗಿಸಿದ್ದೆವು, ಬಿಸಿಲು ಬೀಳುವ ಕಿಟಕಿಗೆ ಪರದೆ ಕಟ್ಟಿದ್ದೆವು. ಅವನು ಆರಾಮವಾಗಿ ಮಲಗಿದ್ದ. ಕಷ್ಟ ಇರುವುದೆಲ್ಲ ಗಾಡಿ ನಿಂತಾಗ.

ಊಟಕ್ಕೆ, ಟಾಯ್ಲೆಟ್‌ಗೆ ಅಂತ ಇಳಿಯುವಾಗ 'ಎರಡೇ ನಿಮಿಷ' ಎಂದು ನಾಯಿಯನ್ನು ಒಳಗೆ ಬಿಡಬೇಡಿ. ಹೊರಗೆ 30 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ 10 ನಿಮಿಷದಲ್ಲೇ ಸುಮಾರು 40 ಆಗುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚೇನೂ ಉಪಯೋಗವಿಲ್ಲ. ನಾವು ಸರದಿ ಮೇಲೆ ತಿಂದೆವು, ಒಬ್ಬರು ಯಾವಾಗಲೂ ಅವನ ಜೊತೆಗೇ. ಒಬ್ಬರೇ ಹೊರಟಿದ್ದರೆ ತಿಂಡಿ ಕಟ್ಟಿಕೊಂಡು ಹೋಗುವುದೇ ವಾಸಿ.

ಇಳಿಸುವ ಮುಂಚೆ ಅಂಗೈ ತಿರುಗಿಸಿ, ಅದರ ಹಿಂಭಾಗವನ್ನು ಡಾಂಬರಿನ ಮೇಲೆ ಇಡಿ. ಏಳು ಸೆಕೆಂಡ್ ತಡೆಯಲು ಆಗಲಿಲ್ಲವೇ? ಅವನ ಪಾದಕ್ಕೂ ಆಗುವುದಿಲ್ಲ. ಬಿಸಿಲು ಇಳಿದ ಮೇಲೂ ಡಾಂಬರು ಬಹಳ ಹೊತ್ತು ಕಾದಿರುತ್ತದೆ. ಹುಲ್ಲು ಇರುವ ಕಡೆ ನಿಲ್ಲಿಸಿ. ಬೆಲ್ಟಿನ ಲೋಹದ ಬಕಲ್ ಮುಟ್ಟಿ ನೋಡಿ, ನಿಂತ ಗಾಡಿಯಲ್ಲಿ ಅದೂ ಸುಡುತ್ತಿರುತ್ತದೆ. ಡಿಕ್ಕಿಯಲ್ಲಿಟ್ಟ ನೀರಂತೂ ಸ್ನಾನಕ್ಕೆ ಕಾಯಿಸಿದ ಹಾಗಿತ್ತು! ಕುಡಿಯುವ ನೀರು ಸೀಟಿನ ಬಳಿಯೇ ಇರಲಿ.

ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಬೆವರು ಬರುವುದು ಪಾದದಲ್ಲಿ ಮಾತ್ರ, ಅದೂ ಸ್ವಲ್ಪವೇ. ಹಾಗಾಗಿ ಬಾಯಿ ಬಿಗಿಯಾಗಿ ಮುಚ್ಚುವ ಮುಖಗವಸು ಬೇಡವೇ ಬೇಡ. ಸೆಕೆ ಜಾಸ್ತಿ ಇರುವ ಕಡಲತೀರದಲ್ಲಿ ಏದುಸಿರೂ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವನ್ನು ಇಂಥ ಪ್ರಯಾಣಕ್ಕೆ ಕರೆದೊಯ್ಯದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೇಸಿಗೆ ಅಂತ ದಟ್ಟ ಕೂದಲನ್ನು ಬೋಳಿಸಲೂ ಹೋಗಬೇಡಿ, ಚರ್ಮ ಸುಟ್ಟೀತು.

ನಿಂತಾಗಲೆಲ್ಲ ನಾಲಿಗೆ, ಒಸಡು ನೋಡುವ ಅಭ್ಯಾಸ ಮಾಡಿಕೊಳ್ಳಿ. ನಾಲಿಗೆಯ ತುದಿ ಅಗಲವಾಗಿ ಜೋತುಬಿದ್ದರೆ ಮೈ ಬಿಸಿಯಾಗುತ್ತಿದೆ, ಎಸಿ ಹಾಕಿದ ಗಾಡಿಗೆ ಹತ್ತಿಸುವ ಹೊತ್ತಾಯಿತು ಅಂತಲೇ ಅರ್ಥ. ಒಸಡು ಕಡುಗೆಂಪಾಗುವುದು, ಜೊಲ್ಲು ಅಂಟಂಟಾಗುವುದು, ನಡಿಗೆ ತೂರಾಡುವುದು, ವಾಂತಿ: ಇವು ಕಂಡರೆ ಕಾಯಬೇಡಿ. ನೆರಳಿಗೆ ತನ್ನಿ, ಮೈಗೆಲ್ಲ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಸ್ವಲ್ಪ ಸುಧಾರಿಸಿದಂತೆ ಕಂಡರೂ ಪಶುವೈದ್ಯರಿಗೆ ತೋರಿಸಲೇಬೇಕು, ಒಳಗಿನ ಅಂಗಗಳಿಗೆ ಆದ ಪೆಟ್ಟು ತಡವಾಗಿ ಗೊತ್ತಾಗಬಹುದು. ಅದಕ್ಕೇ ದಾರಿಯುದ್ದಕ್ಕೂ ಸಿಗುವ ಪಶು ಆಸ್ಪತ್ರೆಗಳ ನಂಬರ್‌ಗಳನ್ನು ಹೊರಡುವ ಮುಂಚೆಯೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಹುಡುಕಲು ಆಗುವುದಿಲ್ಲ, ಅಲ್ವಾ?