ಹೊಸ ಪಾಲಿಸಿಗಿಂತ ಮೊದಲು ಹಳೆಯ ಪಾಲಿಸಿ: ವಿಮಾ ಏಜೆನ್ಸಿಯಲ್ಲಿ ಎಐ

ವಿಮಾ ಏಜೆಂಟರು ನಾಲ್ಕು ಜನ ಸೇರಿದ ಕಡೆ ಎಐ ವಿಷಯ ಬಂದರೆ, ಅದು ಹೊಸ ಗ್ರಾಹಕರನ್ನು ಹುಡುಕಿಕೊಡುವ ಸಾಧನವೆಂದೇ ಮಾತು ನಡೆಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಏಜೆನ್ಸಿ ನಡೆಸುತ್ತಿರುವ ನನ್ನ ಅಭಿಪ್ರಾಯ ಬೇರೆಯಾಗಿದೆ. ಯಂತ್ರಕ್ಕೆ ಮೊದಲು ಒಪ್ಪಿಸಬೇಕಾದ ಕೆಲಸವೆಂದರೆ ಈಗಾಗಲೇ ಮಾಡಿಸಿರುವ ಪಾಲಿಸಿಗಳು ಲ್ಯಾಪ್ಸ್ ಆಗದಂತೆ, ಅಂದರೆ ಕಂತು ಕಟ್ಟದೆ ನಿಂತುಹೋಗದಂತೆ ನೋಡಿಕೊಳ್ಳುವುದು. ಕಂಪನಿಗಳೂ ಏಜೆಂಟನ ಕೆಲಸವನ್ನು 13ನೇ ತಿಂಗಳಿನಿಂದ 61ನೇ ತಿಂಗಳವರೆಗೆ ಎಷ್ಟು ಪಾಲಿಸಿಗಳು ಚಾಲ್ತಿಯಲ್ಲಿ ಉಳಿದಿವೆ ಎಂಬ ಪರ್ಸಿಸ್ಟೆನ್ಸಿ ಲೆಕ್ಕದಿಂದಲೂ ಅಳೆಯುತ್ತವೆ. ಕಮಿಷನ್‌ನಲ್ಲಿ ಒಂದು ಪಾಲು ಬಿಟ್ಟುಕೊಟ್ಟು ಮೊದಲ ಕಂತು ಕಟ್ಟಿಸುವ ಪದ್ಧತಿ ನಮ್ಮ ಕಡೆ ಇನ್ನೂ ಹೋಗಿಲ್ಲ. 1938ರ ವಿಮಾ ಕಾಯ್ದೆಯ 41ನೇ ಕಲಂ ಅದನ್ನು ನಿಷೇಧಿಸಿ, 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಹಾಗೆ ಬಂದ ಗ್ರಾಹಕ ಎರಡನೆಯ ವರ್ಷವೂ ಅದೇ ರಿಯಾಯಿತಿಯನ್ನು ನಿರೀಕ್ಷಿಸುತ್ತಾನೆ, ಸಿಗದಿದ್ದರೆ ಕಂತು ನಿಲ್ಲಿಸುತ್ತಾನೆ. ಆ ಪಾಲಿಸಿಯನ್ನು ಯಾವ ಸಾಫ್ಟ್‌ವೇರೂ ಉಳಿಸಿಕೊಡಲಾರದು.

ನನ್ನ ವ್ಯವಸ್ಥೆಯಲ್ಲಿ ದುಬಾರಿಯಾದದ್ದೇನೂ ಇಲ್ಲ. ಡೈರಿಯಲ್ಲಿದ್ದ ವಿವರಗಳೆಲ್ಲ ಒಂದು ಗೂಗಲ್ ಶೀಟ್‌ಗೆ ಬಂದಿವೆ. ಅದರೊಳಗಿನ ಒಂದು ಸಣ್ಣ ಪ್ರೋಗ್ರಾಂ ಪ್ರತಿದಿನ ಬೆಳಿಗ್ಗೆ ಯಾರ ಕಂತು ಹತ್ತಿರ ಬಂದಿದೆ, ಯಾರದು ಗ್ರೇಸ್ ಅವಧಿಯಲ್ಲಿದೆ (ದಿನಾಂಕ ಕಳೆದ ಮೇಲೂ ಕಂತು ಕಟ್ಟಲು ಸಿಗುವ ಹೆಚ್ಚುವರಿ ದಿನಗಳು), ಯಾರದು ಲ್ಯಾಪ್ಸ್ ಆಗಿದೆ ಎಂದು ಬೇರ್ಪಡಿಸಿ ನನಗೆ ಪಟ್ಟಿ ಕಳಿಸುತ್ತದೆ. ಆ ಪ್ರೋಗ್ರಾಮನ್ನು ನಾನು ಬರೆದವನಲ್ಲ, ಬೇಕಾದುದನ್ನು ಕನ್ನಡದಲ್ಲಿ ವಿವರಿಸಿ ಎಐಯಿಂದ ಬರೆಸಿಕೊಂಡೆ. ಸಂದೇಶಗಳಿಗೆ ವಾಟ್ಸಾಪ್ ಬಿಸಿನೆಸ್ ಇದೆ. ಅದರ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರ ಮಿತಿಯಿದ್ದು, ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ, ಆದರೆ ನನ್ನ ನಂಬರನ್ನೇ ಉಳಿಸಿಕೊಳ್ಳದವನಿಗೆ ಸಂದೇಶ ಕಳಿಸಿ ಏನು ಪ್ರಯೋಜನ ಎಂಬುದು ನನ್ನ ಪ್ರಶ್ನೆ.

ನಿಜವಾದ ಕೆಲಸವಿರುವುದು ಸಂದೇಶ ಯಾವ ದಿನ ಹೋಗಬೇಕೆಂಬುದರಲ್ಲಿ. ಪೇಟೆಯ ಸಾಫ್ಟ್‌ವೇರ್‌ಗಳೆಲ್ಲ ಕಂತಿನ ಡ್ಯೂ ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ ಜ್ಞಾಪಿಸುತ್ತವೆ. ತಿಂಗಳ ಸಂಬಳ ಬರುವ ಶಿಕ್ಷಕರಿಗೆ, ಬ್ಯಾಂಕ್ ನೌಕರರಿಗೆ ಅದು ಸರಿಹೋಗುತ್ತದೆ. ಆದರೆ ನನ್ನ ಗ್ರಾಹಕರಲ್ಲಿ ಹೆಚ್ಚಿನವರು ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಬೆಳೆಯುವವರು, ಹಸು ಸಾಕಿ ಡೇರಿಗೆ ಹಾಲು ಹಾಕುವವರು, ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ ಕಳಿಸುವವರು, ನೀಲಿ ದ್ರಾಕ್ಷಿಯ ತೋಟದವರು. ಅವರ ಕೈಗೆ ದುಡ್ಡು ಬರುವ ದಿನಕ್ಕೂ ಪಾಲಿಸಿ ಬಾಂಡಿನಲ್ಲಿರುವ ದಿನಾಂಕಕ್ಕೂ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಶೀಟಿನಲ್ಲಿ ‘ದುಡ್ಡು ಬರುವ ಕಾಲ’ ಎಂದು ಒಂದು ಕಾಲಂ ಸೇರಿಸಿದ್ದೇನೆ. ರೇಷ್ಮೆಯವರು ಚಾಕಿ ಹುಳು (ಎಳೆಯ ರೇಷ್ಮೆ ಹುಳು) ಮನೆಗೆ ತಂದ ದಿನ ಗೊತ್ತಾದರೆ, ಮೂರು ನಾಲ್ಕು ವಾರಗಳಲ್ಲಿ ಗೂಡು ಮಾರುಕಟ್ಟೆಗೆ ಹೋಗುತ್ತದೆಂದು ಅಂದಾಜಾಗುತ್ತದೆ. ಹಾಲಿನವರಿಗೆ ಡೇರಿಯ ಹಣ ಬಟವಾಡೆಯಾದ ಮರುದಿನ ಸಂದೇಶ ಹೋಗುತ್ತದೆ. ಟೊಮೆಟೊದವರ ಎದುರು ಮಾತ್ರ ‘ಫೋನ್ ಮಾಡಿ ಕೇಳು’ ಎಂದಷ್ಟೇ ಬರೆದಿದ್ದೇನೆ, ಏಕೆಂದರೆ ಆ ಬೆಲೆಯನ್ನು ಮುಂಚಿತವಾಗಿ ಹೇಳುವ ಯಂತ್ರ ಇದ್ದಿದ್ದರೆ ನಾನು ವಿಮೆ ಮಾರುತ್ತಿರಲಿಲ್ಲ.

ಕಂತು ಹೊಂದಿಸುವುದಕ್ಕೆ ಗ್ರೇಸ್ ಅವಧಿಯೂ ನೆರವಾಗುತ್ತದೆ. ಜೀವ ವಿಮೆಯಲ್ಲಿ ವಾರ್ಷಿಕ, ಅರ್ಧ ವಾರ್ಷಿಕ, ತ್ರೈಮಾಸಿಕ ಕಂತುಗಳಿಗೆ 30 ದಿನ, ಮಾಸಿಕ ಕಂತಿಗೆ 15 ದಿನ ಗ್ರೇಸ್ ಸಿಗುತ್ತದೆ. ಆ ಅವಧಿಯಲ್ಲಿ ಸಾವು ಸಂಭವಿಸಿದರೂ ಬಾಕಿ ಕಂತನ್ನು ಹಿಡಿದುಕೊಂಡು ಕ್ಲೈಮ್ ಕೊಡುತ್ತಾರೆ. ರೈತ ಕುಟುಂಬಗಳಿಗೆ ಮಾಸಿಕ ಕಂತನ್ನು ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಕಡಿತ ವಿಫಲವಾದರೆ ಬ್ಯಾಂಕ್ ದಂಡ ಹಾಕುತ್ತದೆ, ಕಂತೂ ಉಳಿದುಕೊಳ್ಳುತ್ತದೆ, ಬೈಗುಳ ಏಜೆಂಟನಿಗೆ ಬರುತ್ತದೆ. ಅಂಥವರಿಗೆ ಬೆಳೆಯ ಕಾಲಕ್ಕೆ ಹೊಂದುವ ಅರ್ಧ ವಾರ್ಷಿಕ ಕಂತೇ ವಾಸಿ.

ಎಐ ಧ್ವನಿಯಲ್ಲಿ ಗ್ರಾಹಕರಿಗೆ ಕರೆ ಮಾಡಿಸುವ ವಿಷಯ ಚಿಕ್ಕದು. ಬೋನಸ್ ಕೊಡಿಸುತ್ತೇವೆಂದು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರದ (ಐಆರ್‌ಡಿಎಐ) ಹೆಸರಿನಲ್ಲಿ ಬರುವ ಮೋಸದ ಕರೆಗಳಿಂದ ಜನ ಬೇಸತ್ತಿದ್ದಾರೆ. ಪ್ರಾಧಿಕಾರ ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಹಂಚುವುದೂ ಇಲ್ಲ. ಹೀಗಿರುವಾಗ ಯಂತ್ರದ ಧ್ವನಿ ಕೇಳಿದ ಕೂಡಲೇ ಕರೆ ಕತ್ತರಿಸುವುದು ಅವರ ಜಾಣತನವೇ. ಅಲ್ಲದೆ ಬಾಗೇಪಲ್ಲಿ ಕಡೆಯ ಮನೆಗಳಲ್ಲಿ ಮಾತು ತೆಲುಗು, ಓದುಬರಹ ಕನ್ನಡ. ಒಂದೇ ವಾಕ್ಯದಲ್ಲಿ ಎರಡೂ ಬೆರೆತಾಗ ಯಂತ್ರ ಏನನ್ನೋ ಕೇಳಿಸಿಕೊಂಡು ಏನನ್ನೋ ಬರೆದುಕೊಳ್ಳುತ್ತದೆ. ಕರೆಗಳನ್ನು ನಾನೇ ಮಾಡುತ್ತೇನೆ.

ಗ್ರಾಹಕರ ಪ್ರಶ್ನೆಗಳಿಗೆ ಎಐ ನೇರವಾಗಿ ಉತ್ತರ ಕೊಡಬಹುದೇ ಎಂಬುದು ಇದಕ್ಕಿಂತ ಗಂಭೀರವಾದ ವಿಷಯ. ನಮ್ಮ ವೃತ್ತಿಯ ನಿಯಮಗಳು ಈಚಿನ ವರ್ಷಗಳಲ್ಲಿ ಬಹಳ ಬದಲಾಗಿವೆ. ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ, ವಾಹನ ವಿಮೆಯ ಮೇಲಿನ ತೆರಿಗೆ ಉಳಿದಿದೆ. ಪಾಲಿಸಿ ಇಷ್ಟವಾಗದಿದ್ದರೆ ಹಿಂದಿರುಗಿಸುವ ಫ್ರೀ ಲುಕ್ ಅವಧಿ 2024ರಲ್ಲಿ 30 ದಿನಗಳಾಗಿದೆ. ಅದೇ ವರ್ಷ ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿ 48 ತಿಂಗಳಿಂದ 36 ತಿಂಗಳಿಗೆ ಇಳಿಯಿತು. ಆರೋಗ್ಯ ಪಾಲಿಸಿ ಸತತವಾಗಿ ಎಷ್ಟು ವರ್ಷ ನಡೆದ ಮೇಲೆ, ವಂಚನೆಯ ಕಾರಣ ಬಿಟ್ಟರೆ, ಮಾಹಿತಿ ಮುಚ್ಚಿಟ್ಟರೆಂದು ಕಂಪನಿ ಕ್ಲೈಮನ್ನು ತಕರಾರು ಮಾಡುವಂತಿಲ್ಲವೋ ಆ ಅವಧಿ ಎಂಟು ವರ್ಷದಿಂದ ಐದು ವರ್ಷವಾಯಿತು. ಎಐ ಕಲಿತಿರುವ ಬರಹಗಳಲ್ಲಿ ಹಳೆಯ ಅಂಕಿಗಳೇ ಹೆಚ್ಚಾಗಿರುವುದರಿಂದ, ನೆನಪಿನಿಂದ ಉತ್ತರ ಕೇಳಿದರೆ ಅದು ಶೇಕಡಾ 18ರ ತೆರಿಗೆಯನ್ನೂ 15 ದಿನಗಳ ಫ್ರೀ ಲುಕ್ಕನ್ನೂ ಕಿಂಚಿತ್ತೂ ಅಳುಕಿಲ್ಲದೆ ಹೇಳಿಬಿಡಬಹುದು. ಆದುದರಿಂದ ನಾನು ಆಯಾ ಪಾಲಿಸಿಯ ದಾಖಲೆಯನ್ನೇ ಅದರ ಮುಂದಿಟ್ಟು, ಇದರಲ್ಲಿರುವುದನ್ನು ಮಾತ್ರ ಸರಳ ಕನ್ನಡದಲ್ಲಿ ಹೇಳು, ಯಾವ ಪುಟದಲ್ಲಿದೆ ಎಂದೂ ತಿಳಿಸು ಎಂದು ಕೇಳುತ್ತೇನೆ, ಮತ್ತು ಆ ಪುಟವನ್ನು ಓದಿದ ನಂತರವೇ ಉತ್ತರವನ್ನು ಗ್ರಾಹಕರಿಗೆ ಕಳಿಸುತ್ತೇನೆ. ಹೀಗೆ ಬಳಸಿದಾಗ ಇಂಗ್ಲಿಷಿನ ಜಟಿಲ ಷರತ್ತುಗಳನ್ನು ಬಿಡಿಸಿ ಹೇಳುವುದರಲ್ಲಿ ಅದು ನನಗಿಂತ ಚುರುಕು.

ಪ್ರಪೋಸಲ್ ಫಾರಂ, ಅಂದರೆ ಪಾಲಿಸಿಯ ಅರ್ಜಿ, ತುಂಬುವ ಕೆಲಸವನ್ನು ಮಾತ್ರ ಅದಕ್ಕೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆರೋಗ್ಯದ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದು ಗುರುತು ಹಾಕಿಕೊಂಡು ಹೋಗುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಹಿಂದಿನಿಂದಲೂ ಇದೆ. ಆ ಹಳೆಯ ಫಾರಂಗಳನ್ನು ನೋಡಿ ಕಲಿತ ಯಂತ್ರ, ಜಿಲ್ಲೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆಯಾಗಲಿ ಬಿ.ಪಿ.ಯಾಗಲಿ ಇಲ್ಲವೆಂದೇ ತೀರ್ಮಾನಿಸುತ್ತದೆ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ ಕಳೆದ ಜೀವ ವಿಮಾ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. ಆದರೆ ಅದರೊಳಗೆ ಸಾವು ಸಂಭವಿಸಿದರೆ ಆಸ್ಪತ್ರೆಯ ಚೀಟಿಗಳೆಲ್ಲ ಹೊರಗೆ ಬರುತ್ತವೆ, ಮತ್ತು ಮುಚ್ಚಿಟ್ಟ ಕಾಯಿಲೆಯ ಬೆಲೆಯನ್ನು ಮನೆಯವರು ತೆರಬೇಕಾಗುತ್ತದೆ. ಇಂಗ್ಲಿಷ್ ಫಾರಂಗೆ ಕನ್ನಡದಲ್ಲಿ ಸಹಿ ಮಾಡುವವರು ಅಥವಾ ಹೆಬ್ಬೆಟ್ಟು ಒತ್ತುವವರು ಇದ್ದಾಗ, ಪ್ರಶ್ನೆಗಳನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಘೋಷಣೆಗೂ ಒಬ್ಬರು ಸಹಿ ಹಾಕಬೇಕು. ವಿವರಿಸದೆ ಹಾಕಿದ ಆ ಸಹಿಗೆ ಬೆಲೆಯಿಲ್ಲ.

ಆಧಾರ್ ಪ್ರತಿ, ರಕ್ತಪರೀಕ್ಷೆಯ ವರದಿ ಇವನ್ನು ಉಚಿತ ಎಐ ಆ್ಯಪ್‌ಗಳಿಗೆ ಹಾಕುವುದನ್ನೂ ನಾನು ನಿಲ್ಲಿಸಿಟ್ಟಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ನಂಬಿ ಕೊಟ್ಟ ಕಾಗದಗಳು ಅವು. ಹೆಸರು, ನಂಬರು ತೆಗೆದ ನಂತರವೇ ಏನನ್ನಾದರೂ ಅದರ ಮುಂದಿಡುತ್ತೇನೆ.

ಇನ್ನು ಬೆಳವಣಿಗೆಯ ಮಾತು. ಹೊಸ ವ್ಯವಹಾರ ನನಗೆ ಹೆಚ್ಚಾಗಿ ಬಂದಿರುವುದು ನಾಮಿನಿ ಕಾಲಂನಿಂದ ಎಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ತಾಯಿಯ ಹೆಸರೇ ಉಳಿದಿರುತ್ತದೆ. ಮದುವೆಯಾಯಿತೆಂದು ನಾಮಿನಿ ತಾನಾಗಿ ಬದಲಾಗುವುದಿಲ್ಲ. ಅಪ್ರಾಪ್ತ ಮಗುವನ್ನು ನಾಮಿನಿ ಮಾಡಿ, ಹಣ ಪಡೆಯಲು ಹಿರಿಯರೊಬ್ಬರನ್ನು ಅಪಾಯಿಂಟಿಯಾಗಿ ಬರೆಸಿದ್ದ ಪಾಲಿಸಿಗಳಲ್ಲಿ ಆ ಮಗು ಈಗ ಕಾಲೇಜಿನಲ್ಲಿ ಓದುತ್ತಿರುತ್ತದೆ. ಇಂಥವನ್ನು ಹುಟ್ಟಿದ ದಿನಾಂಕದ ಆಧಾರದ ಮೇಲೆ ಶೀಟ್ ತಾನೇ ಹೆಕ್ಕಿ ತೋರಿಸುತ್ತದೆ. ಈಗ ಅದಕ್ಕೆ ಇನ್ನೊಂದು ಕೆಲಸವನ್ನು ಸೇರಿಸುತ್ತಿದ್ದೇನೆ: ಪಾಲಿಸಿಯಲ್ಲಿರುವ ನಾಮಿನಿಯ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೆ ಹೊಂದುತ್ತದೆಯೇ ಎಂದು ನೋಡುವುದು. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು, ‘ಅಮ್ಮ’ ಎಂಬುದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ಕ್ಲೈಮ್ ಸಮಯದಲ್ಲಿ ಅಫಿಡವಿಟ್‌ಗಾಗಿ ಓಡಾಡಿಸುವ ಸಂಗತಿಗಳು. ತಿದ್ದುಪಡಿಗೆ ನನಗೆ ಕಮಿಷನ್ ಇಲ್ಲ. ಆದರೆ ಅದಕ್ಕೆಂದು ಮನೆಗೆ ಹೋಗಿ ಕುಳಿತಾಗ, ಕೆಲಸಕ್ಕೆ ಸೇರಿದ ಮಗನ ವಿಷಯವೋ ಆಸ್ಪತ್ರೆಯ ಖರ್ಚಿನ ವಿಷಯವೋ ಮನೆಯವರ ಬಾಯಿಂದಲೇ ಬರುತ್ತದೆ, ಮತ್ತು ಮುಂದಿನ ಪ್ರಪೋಸಲ್ ಫಾರಂ ಅಲ್ಲಿಂದ ಹುಟ್ಟುತ್ತದೆ.